ಕೊಯ್ನಾ, ಕಿಲ್ಲಾರಿ ಮತ್ತು ನಾನು ಎಳೆದ ಗೆರೆ

ನಮ್ಮ ಅವ್ವ ಎರಡು ಭೂಕಂಪಗಳನ್ನು ಕಂಡವಳು. ಮೊದಲನೆಯದು 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪ. ಆಗ ಅವಳು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ನಮ್ಮ ಊರಿಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಎರಡನೆಯದು 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ. ಅಂದು ನನಗೆ ಹನ್ನೊಂದು ವರ್ಷ. ಗಣಪತಿಯನ್ನು ಕಳಿಸಿ ಬಂದು ತಡವಾಗಿ ಮಲಗಿದ್ದ ನಮ್ಮನ್ನು ಅಡುಗೆಮನೆಯ ಹಲಗೆಯ ಮೇಲಿದ್ದ ಹಿತ್ತಾಳೆ ತಂಬಿಗೆಗಳು ಒಂದಕ್ಕೊಂದು ತಾಗಿ ಎಬ್ಬಿಸಿದವು. ಕಿಲ್ಲಾರಿಯ ಹೆಸರನ್ನು ಆವರೆಗೆ ಕೇಳಿರದಿದ್ದ ನಾವು ಮಧ್ಯಾಹ್ನದ ಹೊತ್ತಿಗೆ ಆ ಹೆಸರನ್ನಲ್ಲದೆ ಬೇರೇನನ್ನೂ ಕೇಳಲಿಲ್ಲ. ಲಾತೂರ ಮತ್ತು ಆಗಿನ ಉಸ್ಮಾನಾಬಾದ ಜಿಲ್ಲೆಗಳಲ್ಲಿ ಕಲ್ಲುಮಣ್ಣಿನ ದಪ್ಪ ಗೋಡೆಗಳ ಮನೆಗಳು ಮಲಗಿದ್ದವರ ಮೇಲೆಯೇ ಕುಸಿದು ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತಿದ್ದರು.

ಕೊಯ್ನಾದ ನೆಲ ನಡುಗಿದ್ದು ನಸುಕಿನ 4 ಗಂಟೆ 21 ನಿಮಿಷಕ್ಕೆ, ಕಿಲ್ಲಾರಿಯದು 3 ಗಂಟೆ 56 ನಿಮಿಷಕ್ಕೆ. ಇದರಿಂದ ಅವ್ವ ಒಂದು ಸಿದ್ಧಾಂತವನ್ನೇ ಕಟ್ಟಿಕೊಂಡಿದ್ದಾಳೆ: "ಭೂಮಿತಾಯಿ ನಸುಕಿನ್ಯಾಗ ಮಗ್ಗಲಾ ಬದಲಸ್ತಾಳ ನೋಡ್ ತಮ್ಮಾ." ನಾನು ಗಣಿತದ ಮಾಸ್ತರ. ಎರಡೇ ಉದಾಹರಣೆಗಳಿಂದ ನಿಯಮ ಮಾಡಬಾರದು ಎಂದು ಅವಳಿಗೆ ಹೇಳಿದೆ, 2001ರ ಜನವರಿ 26ರಂದು ಭುಜ್ ಭೂಕಂಪವಾದದ್ದು ಬೆಳಿಗ್ಗೆ ಎಂಟೂಮುಕ್ಕಾಲಿಗೆ ಎಂದೂ ನೆನಪಿಸಿದೆ. ಹೀಗೆ ಅವಳಿಗೆ ಬುದ್ಧಿ ಹೇಳಿದ ನಾನೇ 2020ರ ಲಾಕ್‌ಡೌನ್ ದಿನಗಳಲ್ಲಿ, ಶಾಲೆ ಮುಚ್ಚಿ ಕೈಖಾಲಿಯಾಗಿದ್ದಾಗ, ಅವಳದಕ್ಕಿಂತ ದೊಡ್ಡ ತಪ್ಪಿಗೆ ಬಿದ್ದೆ.

ಜತ್ತದಿಂದ ಕೊಯ್ನಾ ನೇರ ದೂರದಲ್ಲಿ ಸುಮಾರು 160 ಕಿಲೋಮೀಟರ್, ಕಿಲ್ಲಾರಿ ಸುಮಾರು 170. ನಾವು ಹೆಚ್ಚುಕಡಿಮೆ ಎರಡರ ನಡುವೆ ಕುಳಿತವರು. ಗೋಡೆಯ ನಕ್ಷೆಯ ಮೇಲೆ ಆ ಎರಡು ಊರುಗಳಿಗೆ ಗುಂಡುಸೂಜಿ ಚುಚ್ಚಿ ದಾರ ಎಳೆದಾಗ ಅದು ಪಂಢರಪುರದ ಉತ್ತರಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ಬಿಟ್ಟು ಹಾದುಹೋಯಿತು. ಅವ್ವ ಕೈಮುಗಿದಳು. ನನಗೆ ಬಂದ ಯೋಚನೆ ಬೇರೆ: ನೆಲದೊಳಗೆ ಪಶ್ಚಿಮದಿಂದ ಪೂರ್ವಕ್ಕೆ ಏನೋ ಸರಿಯುತ್ತಿದೆಯೇ, ಇಪ್ಪತ್ತಾರು ವರ್ಷಗಳಲ್ಲಿ ಮುನ್ನೂರು ಕಿಲೋಮೀಟರ್ ನಡೆದ ಅದು ಮುಂದೆ ಎಲ್ಲಿಗೆ ಹೋದೀತು?

ಅಮೆರಿಕದ ಭೂವಿಜ್ಞಾನ ಇಲಾಖೆ ಪ್ರಪಂಚದ ಭೂಕಂಪಗಳ ಪಟ್ಟಿಯನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಟ್ಟಿದೆ. ಪ್ರತಿ ಸಾಲಿನಲ್ಲಿ ಸಮಯ, ಅಕ್ಷಾಂಶ, ರೇಖಾಂಶ, ಆಳ ಮತ್ತು ಪರಿಮಾಣ, ಅಂದರೆ ಕಂಪನ ಎಷ್ಟು ದೊಡ್ಡದೆಂಬ ಅಂಕಿ, ಇರುತ್ತವೆ. ನಾನು ಮೊದಲು ಹುಡುಕಿದ್ದು 1993ರ ಸೆಪ್ಟೆಂಬರ್ 30ನ್ನು, ಅಲ್ಲಿ ಕಿಲ್ಲಾರಿ ಇರಲಿಲ್ಲ. ಹತ್ತು ಸಾವಿರ ಜನರನ್ನು ಕೊಂದ ಕಂಪನ ಪಟ್ಟಿಯಲ್ಲೇ ಇಲ್ಲವೆಂದು ಗಾಬರಿಯಾಗಿ ಎರಡು ದಿನ ಒದ್ದಾಡಿದ ಮೇಲೆ ತಿಳಿಯಿತು: ಪಟ್ಟಿಯ ಗಡಿಯಾರ ಗ್ರೀನಿಚ್ಚಿನದು, ನಮಗಿಂತ ಐದೂವರೆ ಗಂಟೆ ಹಿಂದೆ. ಕಿಲ್ಲಾರಿ ಅಲ್ಲಿ 29ನೆಯ ತಾರೀಖಿನ 22 ಗಂಟೆ 25 ನಿಮಿಷದ ಸಾಲಿನಲ್ಲಿ ಕುಳಿತಿತ್ತು, ಕೊಯ್ನಾ ಕೂಡ ಡಿಸೆಂಬರ್ 10ರ ರಾತ್ರಿಯಲ್ಲಿತ್ತು. ಅವ್ವನ ನಸುಕು ಅಲ್ಲಿ ಅಪರಾತ್ರಿಯೂ ಅಲ್ಲ, ನಸುಕೂ ಅಲ್ಲ. ಭೂಮಿಗೆ ಗಡಿಯಾರವಿಲ್ಲ ಎಂಬುದು ಆಗಲೇ ಹೊಳೆಯಬೇಕಿತ್ತು, ಆದರೆ ನಕ್ಷೆಯ ಗೀಳು ಹಿಡಿದವನಿಗೆ ಇಂಥ ಸೂಚನೆಗಳು ಕಾಣುವುದಿಲ್ಲ.

ದಕ್ಷಿಣ ಭಾರತದ 30 ಭೂಕಂಪಗಳನ್ನು ಆರಿಸಿ ಗೋಡೆಯ ನಕ್ಷೆಗೆ ಚುಕ್ಕೆ ಇಟ್ಟೆ. ಹೇಗೆ ಆರಿಸಿದೆ ಎಂಬುದನ್ನು ಈಗ ಹೇಳಲು ನಾಚಿಕೆಯಾಗುತ್ತದೆ: ಹೆಸರು ಕೇಳಿದವು, ಪತ್ರಿಕೆಯಲ್ಲಿ ಓದಿದವು, ನನ್ನ ಗೆರೆಗೆ ಹತ್ತಿರವಿರುವಂತೆ ತೋರಿದವು. 1969ರ ಏಪ್ರಿಲ್‌ನ ಭದ್ರಾಚಲಂ ಭೂಕಂಪವೂ ಆ ಗೆರೆಯ ಮೇಲೆ ಬಂದರೆ ಕೊಯ್ನಾದಿಂದ ಗೋದಾವರಿಯವರೆಗೆ ಒಂದೇ ಪಟ್ಟೆಯಾಗುತ್ತದೆಂಬ ಆಸೆ ನನಗಿತ್ತು. ದಾರವನ್ನು ನೇರವಾಗಿ ಮುಂದಕ್ಕೆ ಎಳೆದಾಗ ಭದ್ರಾಚಲಂ ಅದರ ದಕ್ಷಿಣಕ್ಕೆ ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರ ಉಳಿಯಿತು. ಆಗ ನಾನು ದಾರವನ್ನು ಸಡಿಲಿಸಿ ಸ್ವಲ್ಪ ಬಾಗಿಸಿದೆ. ಭೂಮಿ ದುಂಡಗಿದೆ, ಗೆರೆ ಬಾಗುವುದು ಸಹಜ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಭದ್ರಾಚಲಂ ಕಂಪಿಸಿದ್ದು ಕಿಲ್ಲಾರಿಗಿಂತ ಇಪ್ಪತ್ನಾಲ್ಕು ವರ್ಷ ಮೊದಲು, ಹಾಗಾಗಿ ಪಶ್ಚಿಮದಿಂದ ಪೂರ್ವಕ್ಕೆ ಸರಿಯುವ ಮಾತೇ ನಿಲ್ಲುವುದಿಲ್ಲ ಎಂಬುದನ್ನು ಆ ಸಂಜೆ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ನಮ್ಮ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದ ಹಿರಿಯ ಗುರುಗಳೊಬ್ಬರಿದ್ದಾರೆ. ನಕ್ಷೆಯೂ ಅವರದೇ. ಮಾಸ್ಕ್ ಹಾಕಿಕೊಂಡು ಬಂದು ಐದು ನಿಮಿಷ ದಾರವನ್ನೇ ನೋಡಿದ ಅವರು, "ಸರ್, ಇವ ಮೂವತ್ತ ಚುಕ್ಕಿ ನೀವು ಕಣ್ಣು ಮುಚ್ಚಿ ಇಟ್ಟಿದ್ರ ಒಂದ ಗೆರಿನೂ ಸಿಗ್ತಿರಲಿಲ್ಲೇನ್ರಿ?" ಎಂದು ಕೇಳಿದರು. ವಯಸ್ಸಿನಲ್ಲಿ ನನ್ನ ತಂದೆಯಷ್ಟಿದ್ದರೂ ಅವರು ನನ್ನನ್ನು ಸರ್ ಎನ್ನುವುದು ತಪ್ಪು ಮಾಡಿದಾಗಲೇ ಹೆಚ್ಚು.

ಅವರು ಹೋದ ಮೇಲೆ ಲೆಕ್ಕ ಹಾಕಲು ಕುಳಿತೆ. ಮೂವತ್ತು ಚುಕ್ಕೆಗಳಿಂದ ಎರಡೆರಡನ್ನು ಆರಿಸಿ ಎಳೆಯಬಹುದಾದ ಗೆರೆಗಳು 435, ಮೂರು ಮೂರರ ಗುಂಪುಗಳು 4,060. ಆರುನೂರು ಕಿಲೋಮೀಟರ್ ಬದಿಯ ಒಂದು ಚೌಕವಿದೆಯೆಂದುಕೊಳ್ಳೋಣ. ಅದರ ಅಡ್ಡಕ್ಕೆ ಎಳೆದ ಗೆರೆಯ ಎರಡೂ ಕಡೆ ಹತ್ತು ಹತ್ತು ಕಿಲೋಮೀಟರ್ ಬಿಟ್ಟುಕೊಟ್ಟರೆ ಆ ಪಟ್ಟೆ ಚೌಕದ ಸುಮಾರು ಮೂವತ್ತನೆಯ ಒಂದು ಭಾಗವಾಗುತ್ತದೆ. ಉಳಿದ 28 ಚುಕ್ಕೆಗಳಲ್ಲಿ ಪ್ರತಿಯೊಂದಕ್ಕೂ ಆ ಪಟ್ಟೆಯೊಳಗೆ ಬೀಳಲು ಮೂವತ್ತರಲ್ಲಿ ಒಂದು ಅವಕಾಶವಿರುವುದರಿಂದ, ಕಣ್ಣು ಮುಚ್ಚಿ ಇಟ್ಟ ಚುಕ್ಕೆಗಳಲ್ಲಿಯೂ ಸರಾಸರಿ ಪ್ರತಿ ಗೆರೆಗೆ ಹತ್ತಿರ ಹತ್ತಿರ ಒಂದು ಮೂರನೆಯ ಚುಕ್ಕೆ ಪುಕ್ಕಟೆಯಾಗಿ ಸಿಗುತ್ತದೆ. ನೂರಾರು ನೇರ ಗೆರೆಗಳು ಯಾವ ಕಾರಣವೂ ಇಲ್ಲದೆ ಆ ನಕ್ಷೆಯಲ್ಲಿದ್ದವು, ನಾನು ಅವುಗಳಲ್ಲಿ ಒಂದನ್ನು ಮೆಚ್ಚಿಕೊಂಡು ದಾರ ಕಟ್ಟಿದ್ದೆ. ದಾರವನ್ನು ಬಾಗಿಸಲು ಅನುಮತಿ ಕೊಟ್ಟುಕೊಂಡ ಮೇಲಂತೂ ಲೆಕ್ಕವೇ ಇಲ್ಲ.

ಶಾಲೆ ತೆರೆದ ಮೇಲೆ ಇದನ್ನು ಎಂಟನೆಯ ತರಗತಿಯ ಮಕ್ಕಳಿಗೆ ತೋರಿಸಬೇಕೆನಿಸಿತು. ನೆಲದ ಮೇಲೆ ಸುಣ್ಣದಕಡ್ಡಿಯಿಂದ ಹತ್ತು ಸಾಲು, ಹತ್ತು ಕಂಬ, ಒಟ್ಟು ನೂರು ಮನೆಗಳನ್ನು ಬರೆದು, ನೂರು ಜೋಳದ ಕಾಳುಗಳನ್ನು ಎಣಿಸಿ ಮೇಲಿನಿಂದ ಚೆಲ್ಲಿಸಿದೆ. ಕಾಳುಗಳು ಪುಟಿದು ಪುಟಿದು ಹೆಚ್ಚಿನವು ಬಾಗಿಲಿನ ಕಡೆಯ ಮೂಲೆ ಸೇರಿದವು. ನೆಲ ಆ ಕಡೆಗೆ ಇಳಿಜಾರಾಗಿತ್ತು, ಇಷ್ಟು ವರ್ಷ ಅದೇ ಕೋಣೆಯಲ್ಲಿ ಪಾಠ ಮಾಡಿದ ನನಗೆ ಗೊತ್ತಿರಲಿಲ್ಲ. ಮಕ್ಕಳು ನಕ್ಕರು. ನನಗೆ ಮಾತ್ರ ಇದು ಪಾಠಕ್ಕಿಂತ ಒಳ್ಳೆಯ ಪಾಠವಾಯಿತು, ಏಕೆಂದರೆ ಕಾಳುಗಳ ಗುಂಪು ಕಾಳುಗಳ ಬಗ್ಗೆ ಏನನ್ನೂ ಹೇಳದೆ ನೆಲದ ಬಗ್ಗೆ ಹೇಳುತ್ತಿತ್ತು.

ಎರಡನೆಯ ಸಲ ಸೊನ್ನೆಯಿಂದ ಒಂಬತ್ತರವರೆಗಿನ ಚೀಟಿಗಳನ್ನು ಡಬ್ಬಿಯಲ್ಲಿ ಹಾಕಿ, ಒಂದು ಸಲ ಸಾಲಿಗೆ, ಒಂದು ಸಲ ಕಂಬಕ್ಕೆ ಎತ್ತಿಸಿ, ಎತ್ತಿದ ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕಿಸುತ್ತ, ಕಾಳನ್ನು ಕೈಯಿಂದಲೇ ಇಡಿಸಿದೆ. ಎರಡು ತಾಸು ಹಿಡಿಯಿತು. ಕೊನೆಗೆ 36 ಮನೆಗಳು ಖಾಲಿ ಉಳಿದವು. 38ರಲ್ಲಿ ಒಂದೊಂದು, 17ರಲ್ಲಿ ಎರಡೆರಡು, 8ರಲ್ಲಿ ಮೂರು ಮೂರು ಕಾಳು, ಒಂದು ಮನೆಯಲ್ಲಿ ನಾಲ್ಕು. ನೂರು ಕಾಳಿಗೆ ನೂರು ಮನೆ ಇದ್ದರೆ ಮನೆಗೊಂದು ಬರಬೇಕೆಂದು ಮಕ್ಕಳು ಊಹಿಸಿದ್ದರು. ಪೊಯಿಸಾನ್ ಎಂಬ ಫ್ರೆಂಚ್ ಗಣಿತಜ್ಞನ ಸೂತ್ರದ ಪ್ರಕಾರ ಸರಾಸರಿ 37 ಖಾಲಿ, 37ರಲ್ಲಿ ಒಂದು, 18ರಲ್ಲಿ ಎರಡು, 6ರಲ್ಲಿ ಮೂರು ಎಂದು ಬರಬೇಕು, ನಮಗೆ ಬಂದದ್ದು ಅದಕ್ಕೆ ಹತ್ತಿರವೇ ಇತ್ತು. ಆದರೂ ನಾಲ್ಕು ಕಾಳಿನ ಮನೆಯನ್ನು ನೋಡಿದ ಹುಡುಗಿಯೊಬ್ಬಳು, "ಸರ್, ಇಲ್ಲಿ ಏನೋ ಐತ್ರಿ" ಎಂದಳು. ಚೀಟಿ ಎತ್ತಿದವಳೇ ಅವಳು.

ಇಲ್ಲಿಗೆ ನಿಲ್ಲಿಸಿ ಎಲ್ಲವೂ ಆಕಸ್ಮಿಕ ಎಂದುಬಿಟ್ಟರೆ ಅದೂ ತಪ್ಪಾಗುತ್ತದೆ. ಭೂಕಂಪಗಳು ಚೀಟಿ ಎತ್ತಿ ಇಟ್ಟ ಕಾಳುಗಳಲ್ಲ. ಒಂದು ಕಂಪನ ಆದ ಜಾಗದ ಆಸುಪಾಸಿನಲ್ಲಿ, ಸ್ವಲ್ಪ ಕಾಲದೊಳಗೆ, ಮತ್ತೆ ಕಂಪನಗಳಾಗುತ್ತವೆ. 1891ರಲ್ಲಿ ಜಪಾನಿನ ನೋಬಿ ಭೂಕಂಪದ ನಂತರ ಒಮೋರಿ ಎಂಬ ವಿಜ್ಞಾನಿ ಪಶ್ಚಾತ್ ಕಂಪನಗಳನ್ನು ದಿನದಿನವೂ ಎಣಿಸಿ, ಅವುಗಳ ಸಂಖ್ಯೆ ಕಳೆದ ಕಾಲಕ್ಕೆ ವಿಲೋಮವಾಗಿ ಇಳಿಯುತ್ತದೆಂದು 1894ರಲ್ಲಿ ತೋರಿಸಿದ. ಮೊದಲ ದಿನ ನೂರಾದರೆ ಹತ್ತನೆಯ ದಿನಕ್ಕೆ ಸುಮಾರು ಹತ್ತು, ನೂರನೆಯ ದಿನಕ್ಕೆ ಸುಮಾರು ಒಂದು. ಈ ನಿಯಮ ಸಣ್ಣಪುಟ್ಟ ತಿದ್ದುಪಡಿಗಳೊಂದಿಗೆ ಇಂದಿಗೂ ನಿಂತಿದೆ. ಭೂಕಂಪಗಳ ಬಗ್ಗೆ ನಾವು ನಂಬಿಕೊಳ್ಳಬಹುದಾದ ಅತ್ಯಂತ ಗಟ್ಟಿ ವಿನ್ಯಾಸ ಇದೇ ಎಂದು ನನ್ನ ಅಭಿಪ್ರಾಯ, ಇದರಲ್ಲಿ ಗುಟ್ಟೇನೂ ಇಲ್ಲದಿರುವುದರಿಂದ ಯಾರೂ ಇದಕ್ಕೆ ದಾರ ಕಟ್ಟುವುದಿಲ್ಲ.

ಪಶ್ಚಾತ್ ಕಂಪನಗಳನ್ನೆಲ್ಲ ಕಳೆದರೆ ಉಳಿದದ್ದು ಏನಾಗುತ್ತದೆ? 1974ರಲ್ಲಿ ಗಾರ್ಡ್‌ನರ್ ಮತ್ತು ನೋಪಾಫ್ ಎಂಬಿಬ್ಬರು ದಕ್ಷಿಣ ಕ್ಯಾಲಿಫೋರ್ನಿಯಾದ ಪಟ್ಟಿಯಿಂದ ಅವುಗಳನ್ನು ತೆಗೆದುಹಾಕಿ, ಉಳಿದ ಸರಣಿ ಪೊಯಿಸಾನ್ ಸೂತ್ರದಂತೆ ಆಕಸ್ಮಿಕವಾಗಿದೆಯೇ ಎಂದು ಪರೀಕ್ಷಿಸಿದರು. ಪ್ರಶ್ನೆಯನ್ನು ಶೀರ್ಷಿಕೆಯಲ್ಲೇ ಕೇಳಿದ್ದರಿಂದ ಪ್ರಬಂಧದ ಸಾರಾಂಶದಲ್ಲಿ ಅವರು ಬರೆದದ್ದು ಒಂದೇ ಪದ: ಹೌದು. ನಮ್ಮ ಇಲಾಖೆಯ ಸುತ್ತೋಲೆಗಳನ್ನು ಓದಿ ಅಭ್ಯಾಸವಾದವನಿಗೆ ಆ ಒಂದು ಪದ ಎಷ್ಟು ತಂಪು ತಂದಿತೆಂದು ಹೇಳಲಾರೆ.

ಇದರಿಂದ ನನ್ನ ಕೆಲಸ ಇನ್ನಷ್ಟು ಕಷ್ಟವಾಯಿತು. ಭೂಕಂಪಗಳು ಗುಂಪು ಕಟ್ಟುತ್ತವೆ ಎಂಬುದು ಮೊದಲೇ ಗೊತ್ತಿರುವಾಗ, ಗುಂಪು ಕಂಡಿತೆಂದು ಹೇಳಿದರೆ ಹೊಸದೇನೂ ಹೇಳಿದಂತಾಗುವುದಿಲ್ಲ. ನನ್ನ ಗೆರೆ ಗೆಲ್ಲಬೇಕಾದದ್ದು ಕುರುಡು ಚುಕ್ಕೆಗಳ ವಿರುದ್ಧ ಮಾತ್ರವಲ್ಲ, ಒಂದು ಕಂಪನ ತನ್ನ ನೆರೆಯಲ್ಲಿ ಇನ್ನೊಂದನ್ನು ಹುಟ್ಟಿಸುತ್ತದೆ, ಅದು ಮತ್ತೊಂದನ್ನು ಹುಟ್ಟಿಸುತ್ತದೆ ಎಂಬ ಸಂತಾನದ ಮಾದರಿಯ ವಿರುದ್ಧವೂ. ಜಪಾನಿನ ಒಗಾತಾ 1988ರಲ್ಲಿ ಇಂಥ ಮಾದರಿಯೊಂದನ್ನು ಗಣಿತದ ರೂಪಕ್ಕೆ ತಂದರು, ಇಂದು ಭೂಕಂಪ ಸರಣಿಗಳನ್ನು ಪರಿಶೀಲಿಸುವವರು ಮೊದಲು ಅದನ್ನೇ ಎದುರಿಗೆ ನಿಲ್ಲಿಸುತ್ತಾರೆ. ಸಂತಾನದ ಮಾದರಿಯಿಂದ ಕಂಪ್ಯೂಟರಿನಲ್ಲಿ ಹುಟ್ಟಿಸಿದ ಸುಳ್ಳು ಪಟ್ಟಿಗಳಲ್ಲಿಯೂ ಗುಂಪುಗಳು ಅತ್ತಿತ್ತ ನಡೆದಂತೆ ಕಾಣುತ್ತವೆ. ಆ ನಡಿಗೆಗೆ ಅರ್ಥವಿಲ್ಲ.

ಇನ್ನು ಪಟ್ಟಿಯದೇ ಕಿತಾಪತಿಗಳು. ಆಳದ ಅಂಕಣವನ್ನು ನೋಡಿದಾಗ ಎಷ್ಟೋ ಕಂಪನಗಳು ಸರಿಯಾಗಿ 10 ಕಿಲೋಮೀಟರ್ ಆಳದಲ್ಲಿ, ಹಳೆಯವು 33 ಕಿಲೋಮೀಟರ್ ಆಳದಲ್ಲಿ ಆಗಿವೆ ಎಂದು ಕಂಡು, ನೆಲದಡಿಯಲ್ಲಿ ಎರಡು ಪದರಗಳನ್ನು ಕಂಡುಹಿಡಿದೆನೆಂದು ಒಂದು ಮಧ್ಯಾಹ್ನವೆಲ್ಲ ಹಿಗ್ಗಿದ್ದೆ. ಆಳವನ್ನು ಅಳೆಯಲಾಗದಿದ್ದಾಗ ಪಟ್ಟಿ ಮಾಡುವವರು ತುಂಬುವ ರೂಢಿಯ ಸಂಖ್ಯೆಗಳು ಅವು. ಹಳೆಯ ಕಂಪನಗಳ ಸ್ಥಾನವನ್ನು ಒಂದೇ ದಶಮಾಂಶಕ್ಕೆ ಬರೆದಿದ್ದರೆ ಚುಕ್ಕೆಗಳು ಹನ್ನೊಂದು ಕಿಲೋಮೀಟರ್ ಅಂತರದ ಜಾಲರಿಯ ಮೇಲೆ ಕೂರುತ್ತವೆ, ಆಗ ನೇರ ಗೆರೆಗಳಿಗೆ ಬರವೇ ಇಲ್ಲ. ಹಗಲಿನ ಸಣ್ಣ ಕಂಪನಗಳಲ್ಲಿ ಕಲ್ಲುಗಣಿಯ ಸಿಡಿತಗಳು ಸೇರಿಕೊಂಡಿರಬಹುದು. ರಾತ್ರಿ ವಾಹನಗಳ ಸದ್ದು ಅಡಗುವುದರಿಂದ ಉಪಕರಣಕ್ಕೆ ಸಣ್ಣ ಕಂಪನಗಳು ಹೆಚ್ಚು ಕೇಳಿಸುತ್ತವೆ, ಎಚ್ಚರವಿದ್ದವರಿಗೂ ಅಷ್ಟೆ. ಅವ್ವನ ನಸುಕಿನ ಸಿದ್ಧಾಂತಕ್ಕೆ ಸಿಗಬಹುದಾದ ಮರ್ಯಾದೆ ಇಷ್ಟೇ. ಕಿಲ್ಲಾರಿಯ ನಂತರ ದೇಶದ ಕಂಪನಮಾಪಕ ಜಾಲವನ್ನು ಬಲಪಡಿಸಿದ್ದರಿಂದ ಹಿಂದೆ ದಾಖಲಾಗದ ಕಂಪನಗಳೆಲ್ಲ ದಾಖಲಾಗತೊಡಗಿದವು, ಪಟ್ಟಿಯನ್ನು ಹಾಗೆಯೇ ನಂಬಿದರೆ ಭೂಮಿ ಇದ್ದಕ್ಕಿದ್ದಂತೆ ಚುರುಕಾದಂತೆ ಕಾಣುತ್ತದೆ. ನಮ್ಮ ತರಗತಿಯ ಇಳಿಜಾರು ನೆಲ ಇದೇ.

ಅಧಿಕೇಂದ್ರವೆಂಬ ಚುಕ್ಕೆಯೂ ಪೂರ್ತಿ ಸತ್ಯ ಹೇಳುವುದಿಲ್ಲ. ಅದು ಬಿರುಕು ಬಿಡಲು ಶುರುವಾದ ಸ್ಥಳದ ನೆತ್ತಿ, ಅಷ್ಟೆ. ಸೊಲ್ಲಾಪುರದ ಚಾದರವೊಂದು ಅಂಚಿನಲ್ಲಿ ಚೂರು ಸೀಳಿಕೊಂಡು ಈ ತುದಿಯಿಂದ ಆ ತುದಿಗೆ ಹರಿದರೆ, ಚುಕ್ಕೆ ಇಡುವುದು ಮೊದಲು ಸೀಳಿದ ಅಂಚಿಗೆ. 2004ರ ಡಿಸೆಂಬರ್ 26ರಂದು ಸುಮಾತ್ರಾದ ಬಳಿ ಶುರುವಾದ ಬಿರುಕು ಉತ್ತರಕ್ಕೆ ಅಂಡಮಾನಿನವರೆಗೆ ಸುಮಾರು 1,300 ಕಿಲೋಮೀಟರ್ ಓಡಿತು, ಚುಕ್ಕೆ ಮಾತ್ರ ದಕ್ಷಿಣದ ತುದಿಯಲ್ಲಿ ಒಂದೇ. 2015ರ ಏಪ್ರಿಲ್ 25ರ ನೇಪಾಳ ಭೂಕಂಪ ಕಾಠ್ಮಂಡುವಿನ ವಾಯವ್ಯಕ್ಕೆ ಹುಟ್ಟಿ ಪೂರ್ವಕ್ಕೆ ಹರಿಯಿತು, ಮೇ 12ರ 7.3 ಪರಿಮಾಣದ ಕಂಪನ ಆ ಹರಿದ ಭಾಗದ ಪೂರ್ವದ ಅಂಚಿನಲ್ಲಿ ಆಯಿತು. ಚುಕ್ಕೆಗಳನ್ನು ಮಾತ್ರ ನೋಡಿದವನಿಗೆ ಇವೆರಡು ದೂರದೂರದ ಘಟನೆಗಳು, ಹರಿದ ಬಟ್ಟೆಯನ್ನು ನೋಡಿದವನಿಗೆ ಒಂದೇ ಸೀಳಿನ ಮುಂದುವರಿಕೆ.

ಚುಕ್ಕೆಯ ಸ್ಥಾನದಲ್ಲಿರುವ ತಪ್ಪನ್ನು ಕಡಿಮೆ ಮಾಡಿದಾಗ ಏನಾಗುತ್ತದೆ ಎಂಬುದು ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ. ಆಷಾಢದಲ್ಲಿ ನಮ್ಮ ಕಡೆಯ ಎರಡು ನೆರೆಯ ಹಳ್ಳಿಗಳಿಂದ ಇಬ್ಬರು ವಾರಕರಿಗಳು ಒಂದೇ ಹೊತ್ತಿಗೆ ಹೊರಟು ಒಂದೇ ದಾರಿಯಲ್ಲಿ ಪಂಢರಪುರಕ್ಕೆ ನಡೆದರೆಂದುಕೊಳ್ಳಿ. ದಾರಿಯಲ್ಲಿ ಎಷ್ಟು ಕೆಸರಿತ್ತು, ಎಲ್ಲಿ ಹಳ್ಳ ತುಂಬಿತ್ತು ಎಂಬುದು ನಮಗೆ ತಿಳಿಯದಿದ್ದರೆ, ಅವರು ತಲುಪಿದ ಹೊತ್ತಿನಿಂದ ಅವರ ಊರು ಎಷ್ಟು ದೂರವೆಂದು ಸರಿಯಾಗಿ ಹೇಳಲಾಗುವುದಿಲ್ಲ. ಆದರೆ ಕೆಸರು ಇಬ್ಬರಿಗೂ ಒಂದೇ ಆದ್ದರಿಂದ, ಅವರು ತಲುಪಿದ ಹೊತ್ತುಗಳ ವ್ಯತ್ಯಾಸದಿಂದ ಎರಡು ಹಳ್ಳಿಗಳ ನಡುವಿನ ಅಂತರವನ್ನು ಬಹಳ ಚೆನ್ನಾಗಿ ಹೇಳಬಹುದು. 2000ದಲ್ಲಿ ವಾಲ್ಡ್‌ಹೌಸರ್ ಮತ್ತು ಎಲ್ಸ್‌ವರ್ತ್ ಅಕ್ಕಪಕ್ಕದ ಭೂಕಂಪಗಳ ಅಲೆಗಳಿಗೆ ಇದೇ ಯುಕ್ತಿಯನ್ನು ಬಳಸಿ ಕ್ಯಾಲಿಫೋರ್ನಿಯಾದ ಹೇವರ್ಡ್ ಸ್ತರಭಂಗದ (ಎರಡೂ ಬದಿಯ ಬಂಡೆಗಳು ಒಂದಕ್ಕೊಂದು ಜಾರುವ ನೆಲದ ಬಿರುಕಿನ) ಸಣ್ಣ ಕಂಪನಗಳನ್ನು ಮತ್ತೆ ಸ್ಥಾನಕ್ಕಿಟ್ಟರು. ಮೊದಲು ಮೋಡದಂತೆ ಹರಡಿದ್ದ ಚುಕ್ಕೆಗಳು ಕಿರಿದಾದ ಗೆರೆಗಳಾಗಿ ಒಟ್ಟುಗೂಡಿದವು. ನಾನು ಗೆರೆ ಹುಡುಕಿದ್ದು ದಾರವನ್ನು ಸಡಿಲಿಸುತ್ತ, ಅವರು ಹುಡುಕಿದ್ದು ತಪ್ಪನ್ನು ಬಿಗಿಗೊಳಿಸುತ್ತ.

2021ರ ಅಕ್ಟೋಬರ್‌ನಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲೂಕಿನ ಗಡಿಕೇಶ್ವರದ ಸುತ್ತ ನೆಲದಿಂದ ಗುಡುಗಿನಂಥ ಸದ್ದು ಬಂದು, ಮೇಲಿಂದ ಮೇಲೆ ಸಣ್ಣ ಕಂಪನಗಳಾಗಿ ಜನ ಮನೆ ಬಿಟ್ಟು ಹೊರಗೆ ಮಲಗತೊಡಗಿದರು. ಆ ಕಡೆಗೆ ಸೋದರಮಾವನ ಸಂಬಂಧವಿದೆ. ನನ್ನ ದಾರದ ಸುದ್ದಿ ಅವ್ವನ ಬಾಯಿಂದ ಅಲ್ಲಿಗೂ ಹೋಗಿತ್ತು. ಒಂದು ರಾತ್ರಿ ಮಾಮಾ ಫೋನ್ ಮಾಡಿ, "ಅಳಿಯಾ, ನಿನ್ನ ಗೆರಿ ನಮ್ಮೂರಿಗಿ ಬರ್ತದೇನು ಹೇಳು, ಬಂದ್ರ ದನಾ ಹೊಡಕೊಂಡು ಹೋಗ್ತೀವಿ" ಎಂದರು. ತಮಾಷೆಯ ದನಿಯಲ್ಲಿರಲಿಲ್ಲ. ಗಂಟಲು ಒಣಗಿತು.

ಏನು ಹೇಳಬಹುದಿತ್ತು? ಕಿಲ್ಲಾರಿಯ ಸುತ್ತಲೂ 1992ರ ಅಕ್ಟೋಬರ್ ಸುಮಾರಿಗೆ ಹೀಗೆಯೇ ಸಣ್ಣ ಕಂಪನಗಳ ಸರಣಿ ಬಂದಿತ್ತು, ಅವುಗಳಲ್ಲಿ ಒಂದು ಪರಿಮಾಣ 4ರ ಆಸುಪಾಸಿನದು. ಅದು ನಿಂತುಹೋಯಿತು, ಜನ ಮನೆಯೊಳಗೆ ಮರಳಿದರು, ಹನ್ನೊಂದು ತಿಂಗಳ ಬಳಿಕ 6.2ರ ಭೂಕಂಪ ಬಂತು. ಇನ್ನೊಂದು ಕಡೆ, ಪಾಲಘರ ಜಿಲ್ಲೆಯ ಡಹಾಣು ಭಾಗದಲ್ಲಿ 2018ರ ನವೆಂಬರ್‌ನಿಂದ ಲೆಕ್ಕವಿಲ್ಲದಷ್ಟು ಸಣ್ಣ ಕಂಪನಗಳಾದವು, ಕಿಲ್ಲಾರಿಯಂಥದ್ದು ಬರಲಿಲ್ಲ. ಒಂದೇ ಬಗೆಯ ಆರಂಭಕ್ಕೆ ಎರಡು ಬಗೆಯ ಮುಂದುವರಿಕೆ. ಹೀಗಿರುವಾಗ ಚುಕ್ಕೆಗಳ ಗುಂಪನ್ನು ನೋಡಿ ಎದ್ದು ಹೋಗಿ ಎನ್ನುವುದೂ, ಏನೂ ಆಗುವುದಿಲ್ಲ ಎನ್ನುವುದೂ ನನ್ನಂಥವನ ಬಾಯಿಗೆ ಹೊಂದುವ ಮಾತಾಗಿರಲಿಲ್ಲ. ಗೆರೆ ನಾನು ಸುಮ್ಮನೆ ಎಳೆದದ್ದು, ಅದಕ್ಕೆ ಬೆಲೆಯಿಲ್ಲ ಎಂದು ಒಪ್ಪಿಕೊಂಡು, ಕಲ್ಲುಮಣ್ಣಿನ ಹಳೆಯ ಗೋಡೆಯ ಕೋಣೆಯಲ್ಲಿ ಯಾರನ್ನೂ ಮಲಗಿಸಬೇಡಿ ಎಂದಷ್ಟೇ ಹೇಳಿದೆ. ಮರುದಿನ ಬೆಳಿಗ್ಗೆ ಗುಂಡುಸೂಜಿಗಳನ್ನು ಕಿತ್ತು, ನಕ್ಷೆಯನ್ನು ಸುತ್ತಿ ಗುರುಗಳಿಗೆ ಹಿಂದಿರುಗಿಸಿದೆ.

ಹಾಗೆಂದು ನಡೆಯುವ ಭೂಕಂಪಗಳು ಇಲ್ಲವೇ ಇಲ್ಲವೆಂದಲ್ಲ. ತುರ್ಕಿಯ ಉತ್ತರ ಅನಾತೋಲಿಯಾ ಸ್ತರಭಂಗದಲ್ಲಿ 1939ರ ಡಿಸೆಂಬರ್‌ನಲ್ಲಿ ಎರ್ಜಿಂಜಾನ್ ನಗರವನ್ನು ನೆಲಸಮ ಮಾಡಿದ 7.8ರ ಭೂಕಂಪದ ನಂತರ, 1942, 1943 ಮತ್ತು 1944ರಲ್ಲಿ ಒಂದರ ಪಶ್ಚಿಮಕ್ಕೆ ಒಂದರಂತೆ ಸ್ತರಭಂಗದ ಮುಂದಿನ ತುಂಡುಗಳು ಹರಿದವು; 1957 ಮತ್ತು 1967ರಲ್ಲಿ ಇನ್ನೂ ಪಶ್ಚಿಮಕ್ಕೆ. ಒಂದು ತುಂಡು ಜಾರಿದಾಗ ಅದರ ತುದಿಯಲ್ಲಿ ಒತ್ತಡ ಏರುತ್ತದೆ, ಪಕ್ಕದಲ್ಲಿ ಕಡಿಮೆಯಾಗುತ್ತದೆ. 1997ರಲ್ಲಿ ಸ್ಟೈನ್, ಬರ್ಕಾ ಮತ್ತು ಡೀಟ್ರಿಚ್ ಈ ಒತ್ತಡವನ್ನು ಲೆಕ್ಕ ಹಾಕಿ, ಹತ್ತು ಭೂಕಂಪಗಳಲ್ಲಿ ಒಂಬತ್ತು ಹಿಂದಿನವು ಒತ್ತಡ ಏರಿಸಿದ್ದ ಜಾಗದಲ್ಲೇ ಆಗಿವೆಯೆಂದು ತೋರಿಸಿ, ಇಜ್ಮಿತ್ ಸುತ್ತಲಿನ ಭಾಗದಲ್ಲಿ ಅಪಾಯ ಹೆಚ್ಚಿದೆಯೆಂದು ಬರೆದರು. 1999ರ ಆಗಸ್ಟ್ 17ರಂದು ಇಜ್ಮಿತ್ ಕಂಪಿಸಿತು. ಆದರೆ ಅದೇ ವರ್ಷದ ನವೆಂಬರ್ 12ರ ಡೂಜ್ಜೆ ಭೂಕಂಪ ಆದದ್ದು ಪಶ್ಚಿಮಕ್ಕಲ್ಲ, ಇಜ್ಮಿತ್‌ನ ಬಿರುಕಿನ ಪೂರ್ವ ತುದಿಯಿಂದಾಚೆ. ಅಂದರೆ ವಿನ್ಯಾಸವಿರುವುದು ದಿಕ್ಕಿನಲ್ಲಲ್ಲ, ತುದಿಗಳಲ್ಲಿ. ಅಲ್ಲಿ ಗೆರೆಯನ್ನು ಎಳೆದವನು ಯಾವ ಮಾಸ್ತರನೂ ಅಲ್ಲ, ನೆಲದ ಮೇಲೆ ಕಣ್ಣಿಗೆ ಕಾಣುವ ಸ್ತರಭಂಗ ಮೊದಲೇ ಇತ್ತು. ಕೊಯ್ನಾ ಮತ್ತು ಕಿಲ್ಲಾರಿಗಳ ನಡುವೆ ನನ್ನಲ್ಲಿದ್ದದ್ದು ಬರೀ ದಾರ.

ಕೊಯ್ನಾದಲ್ಲಿ ಒಂದು ನಿಜವಾದ ವಿನ್ಯಾಸವಿದೆ, ಅದು ನಮ್ಮ ಸಾಂಗ್ಲಿ ಜಿಲ್ಲೆಯ ಪಶ್ಚಿಮದ ಅಂಚನ್ನೇ ಮುಟ್ಟುತ್ತದೆ. 103 ಮೀಟರ್ ಎತ್ತರದ ಕೊಯ್ನಾ ಅಣೆಕಟ್ಟಿನಲ್ಲಿ 1962ರಿಂದ ನೀರು ನಿಲ್ಲತೊಡಗಿದ ಮೇಲೆ ಸುತ್ತಲೂ ಕಂಪನಗಳು ಶುರುವಾಗಿ, 1967ರಲ್ಲಿ 6.3ರ ಭೂಕಂಪವಾಯಿತು. ಜಲಾಶಯವೊಂದು ಪ್ರಚೋದಿಸಿದ ಭೂಕಂಪಗಳಲ್ಲಿ ಪ್ರಪಂಚದಲ್ಲೇ ದೊಡ್ಡದೆಂದು ಅದನ್ನು ಎಣಿಸುತ್ತಾರೆ. ನೀರಿನ ಭಾರಕ್ಕಿಂತ, ಬಿರುಕುಗಳೊಳಗೆ ಇಳಿದ ನೀರಿನ ಒತ್ತಡ ಬಂಡೆಗಳ ಹಿಡಿತವನ್ನು ಸಡಿಲಿಸುವುದು ಮುಖ್ಯವೆಂಬುದು ಸಾಮಾನ್ಯವಾಗಿ ಒಪ್ಪಿದ ವಿವರಣೆ. ಅಂದಿನಿಂದ ಕಂಪನಗಳು ನಿಂತಿಲ್ಲ, ಆದರೆ ಅವು ಸುಮಾರು 20 ಕಿಲೋಮೀಟರ್ ಅಗಲ, 30 ಕಿಲೋಮೀಟರ್ ಉದ್ದದ ತುಂಡಿನೊಳಗೆ, ಬಹುಪಾಲು 10 ಕಿಲೋಮೀಟರಿಗಿಂತ ಕಡಿಮೆ ಆಳದಲ್ಲೇ ಉಳಿದಿವೆ. ದಶಕಗಳು ಕಳೆದರೂ ಅದೇ ಅಂಗಳ. 1985ರಲ್ಲಿ ದಕ್ಷಿಣಕ್ಕೆ ವಾರಣಾ ನದಿಯ ಮೇಲಿನ ಜಲಾಶಯ ತುಂಬಲು ಶುರುವಾಯಿತು. 1993ರ ಹೊತ್ತಿಗೆ ಪರಿಮಾಣ 5ಕ್ಕೆ ಮೀರಿದ ಕಂಪನಗಳು ಆ ದಕ್ಷಿಣದ ಭಾಗದಲ್ಲಿಯೇ ಕಾಣಿಸಿಕೊಂಡವು. ಹರ್ಷ ಗುಪ್ತ ಮತ್ತು ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಸಂಗಡಿಗರು ಈ ಭಾಗವನ್ನು ಜೀವಮಾನವಿಡೀ ಹಿಂಬಾಲಿಸಿದ್ದಾರೆ, ಅಲ್ಲಿ ಈಗ ನೆಲದೊಳಗೆ 3 ಕಿಲೋಮೀಟರ್ ಆಳದ ಕೊಳವೆಯನ್ನೂ ಕೊರೆದಿದ್ದಾರೆ.

ಈಗ ನನ್ನ ಬಳಿ ನಕ್ಷೆಯಿಲ್ಲ. ಕೊಯ್ನಾ ಮತ್ತು ವಾರಣಾದ ಕಂಪನಗಳಿಗೆ ಅಡ್ಡಲಾಗಿ ವರ್ಷ, ಮೇಲ್ಮುಖವಾಗಿ ಅಕ್ಷಾಂಶ ಹಾಕಿ ಒಂದು ಆಲೇಖ ಮಾಡಿಕೊಂಡಿದ್ದೇನೆ. ಚುಕ್ಕೆಗಳು ಆರಂಭದಲ್ಲಿ ಮೇಲಿನ ಪಟ್ಟೆಯಲ್ಲಿ ಹೆಚ್ಚು, ತೊಂಬತ್ತರ ದಶಕದಲ್ಲಿ ಕೆಳಗೂ ದಟ್ಟ, ಒಂದು ಮೆಟ್ಟಿಲು ಇಳಿದಂತೆ. ಇದನ್ನು ಕಂಡ ತಕ್ಷಣ ಹಿಗ್ಗದಿರುವಷ್ಟು ಬುದ್ಧಿ ಬಂದಿರುವುದರಿಂದ, ಸ್ಥಾನಗಳನ್ನು ಹಾಗೆಯೇ ಬಿಟ್ಟು ತಾರೀಖುಗಳನ್ನು ಮಾತ್ರ ಇಸ್ಪೀಟು ಎಲೆಗಳಂತೆ ಕಲಸಿ, ಕಲಸಿದ ಪಟ್ಟಿಗಳಲ್ಲಿಯೂ ಅದೇ ಮೆಟ್ಟಿಲು ಕಾಣುತ್ತದೆಯೇ ಎಂದು ಸಾವಿರ ಸಲ ನೋಡುವ ಸಣ್ಣ ಪ್ರೋಗ್ರಾಮೊಂದನ್ನು ಬರೆದೆ. ಮೊದಲ ಸಲ ಪಶ್ಚಾತ್ ಕಂಪನಗಳನ್ನು ತೆಗೆಯಲು ಮರೆತಿದ್ದೆ. ಒಂದೇ ಗುಂಪಿನ ಸಂತಾನವನ್ನು ಬೇರೆ ಬೇರೆ ಸಾಕ್ಷಿಗಳೆಂದು ಎಣಿಸಿದ್ದರಿಂದ ಮೆಟ್ಟಿಲು ಇರುವುದಕ್ಕಿಂತ ಗಟ್ಟಿಯಾಗಿ ಕಂಡಿತು. ಅವುಗಳನ್ನು ತೆಗೆದ ಮೇಲೆ ಮೆಟ್ಟಿಲು ತಗ್ಗಿತು, ಆದರೆ ಕಲಸಿದ ಪಟ್ಟಿಗಳ ನಡುವೆ ಕಳೆದುಹೋಗಲಿಲ್ಲ. ನನ್ನ ಪಟ್ಟಿಯಲ್ಲಿ ದೊಡ್ಡ ಕಂಪನಗಳೇ ಇರುವುದರಿಂದ ಚುಕ್ಕೆಗಳು ಕಡಿಮೆ. ಎರಡೂ ಜಲಾಶಯಗಳ ನೀರಿನ ಮಟ್ಟವನ್ನು ಪಕ್ಕದಲ್ಲಿ ಇಟ್ಟು ನೋಡುವುದು ಇನ್ನೂ ಬಾಕಿಯಿದೆ.

ಮೊನ್ನೆ ಅವ್ವ ಕನ್ನಡಕ ಹಾಕಿಕೊಂಡು ಈ ಆಲೇಖವನ್ನು ಪರದೆಯ ಮೇಲೆ ಬಹಳ ಹೊತ್ತು ನೋಡಿದಳು.

"ಇದರಾಗ ಕಿಲ್ಲಾರಿ ಎಲ್ಲೈತಿ ತಮ್ಮಾ?"

"ಕಿಲ್ಲಾರಿ ಇದರಾಗ ಇಲ್ಲವ್ವಾ. ಇದು ಬರೇ ಕೊಯ್ನಾ, ವಾರಣಾ."

"ಹಂಗಾದ್ರ ಅದು ಬ್ಯಾರೆ, ಇದು ಬ್ಯಾರೆ ಅಂತೀ?"

"ಹೂಂ ಅವ್ವಾ, ಬ್ಯಾರೆ."

ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ನಡಗಿದ್ದು ಎರಡೂ ಒಂದ ಥರಾ ಇತ್ತು" ಎಂದು ಹೇಳಿ ಒಳಗೆ ಹೋದಳು.